ಸಂತೆಯ ಲೆಕ್ಕವೂ ಶಾಲೆಯ ಲೆಕ್ಕವೂ

ಗಣಿತವೆಂದರೆ ಕಬ್ಬಿಣದ ಕಡಲೆ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಈ ಕಡಲೆಯನ್ನು ಮೆತ್ತಗಾಗಿಸಲು ನಮ್ಮ ರಾಜ್ಯದಲ್ಲಿ ನಡೆದ ಪ್ರಯತ್ನಗಳೂ ಕಡಿಮೆಯೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿ, ಆನಂತರ ಅಕ್ಷರ ಫೌಂಡೇಶನ್ ಮತ್ತು ರಾಜ್ಯ ಸರಕಾರ ಸೇರಿ ನಡೆಸಿದ ಗಣಿತ ಕಲಿಕಾ ಆಂದೋಲನ, ಎರಡೂ ಒಂದೇ ನಂಬಿಕೆಯ ಮೇಲೆ ನಿಂತಿವೆ. ಮಗು ವಸ್ತುಗಳನ್ನು ಕೈಯಲ್ಲಿ ಹಿಡಿದು, ಜೋಡಿಸಿ, ಬಿಡಿಸಿ ನೋಡಿದರೆ ಲೆಕ್ಕ ತಲೆಗೆ ಹತ್ತುತ್ತದೆ ಎಂಬುದೇ ಆ ನಂಬಿಕೆ. ಮಣಿಚೌಕಟ್ಟು, ಭಿನ್ನರಾಶಿಯ ಪಟ್ಟಿಗಳಂತಹ ಸಾಮಗ್ರಿಗಳ ಗಣಿತ ಕಿಟ್‌ಗಳು ಸರಕಾರಿ ಶಾಲೆಗಳನ್ನು ತಲುಪಿದ್ದು ಹೀಗೆ.

ಆದರೆ ಪರೀಕ್ಷೆಯ ಅಂಕಿ-ಅಂಶಗಳು ಸಮಾಧಾನ ತರುವಂತಿಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7 ಮಾತ್ರ. 2022ರ ಶೇ. 25.6ಕ್ಕೆ ಹೋಲಿಸಿದರೆ ಇದು ಸುಧಾರಣೆಯೇ. ಹಾಗಿದ್ದರೂ ಹತ್ತರಲ್ಲಿ ಏಳು ಮಕ್ಕಳು ಹೊರಗೇ ಉಳಿದಿದ್ದಾರೆ. ಇಂತಹ ವರದಿಗಳು ಬಂದಾಗಲೆಲ್ಲ ಎರಡು ವಾದಗಳು ಕೇಳಿಬರುತ್ತವೆ. ಆಟ ಸಾಕು, ಮಗ್ಗಿ ಬಾಯಿಪಾಠ ಮಾಡಿಸಿ ಎನ್ನುವುದು ಒಂದು. ಪರೀಕ್ಷೆಯೇ ತಪ್ಪು, ಮಗುವಿನ ತಿಳಿವನ್ನು ಅದು ಅಳೆಯಲಾರದು ಎನ್ನುವುದು ಇನ್ನೊಂದು. ಎರಡೂ ವಾದಗಳು ಮೂಲ ಪ್ರಶ್ನೆಯಿಂದ ನುಣುಚಿಕೊಳ್ಳುತ್ತವೆ ಎಂಬುದು ನಮ್ಮ ಅಭಿಪ್ರಾಯ.

2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಲ್ಲಿ ಗಮನಿಸಬೇಕು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೋ, ಎಲಿಜಬೆತ್ ಸ್ಪೆಲ್ಕಿ ಮೊದಲಾದವರು ಕೋಲ್ಕತಾ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿದರು. ಕಿಲೋಗೆ 20 ರೂಪಾಯಿಯಂತೆ 800 ಗ್ರಾಂ, 15 ರೂಪಾಯಿಯಂತೆ 1 ಕಿಲೋ 400 ಗ್ರಾಂ ಕೊಂಡರೆ ಒಟ್ಟು ಎಷ್ಟು ಎಂಬಂತಹ ಲೆಕ್ಕ ಇವರಿಗೆ ನಿತ್ಯದ ಕೆಲಸ. ಬಹುತೇಕ ಎಲ್ಲರೂ ಇದನ್ನು ಬಾಯಲ್ಲೇ ಮಾಡುತ್ತಿದ್ದರು. ಅಷ್ಟೇ ಕಷ್ಟದ, ಇಲ್ಲವೇ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಬರಿಯ ಅಂಕಿಗಳಲ್ಲಿ ಕೊಟ್ಟಾಗ ಅದೇ ಮಕ್ಕಳು ಸೋತರು. ಹತ್ತಿರದ ಶಾಲೆಗಳ 471 ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧ. ಅವರು ಸರಳ ಅಂಕಿಗಳ ಲೆಕ್ಕವನ್ನು ಹೆಚ್ಚು ಸರಿಯಾಗಿ ಮಾಡಿದರು. ಆದರೆ ದುಡಿಯುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚಿನವರು ಬಿಡಿಸಿದ ಒಂದು ವ್ಯಾಪಾರದ ಲೆಕ್ಕವನ್ನು ಬಿಡಿಸಿದವರು ಅವರಲ್ಲಿ ಶೇ. 1 ಮಾತ್ರ.

ಇದಕ್ಕೂ ಮುಂಚೆ, 2017ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ದಿಲ್ಲಿಯ 214 ಶಾಲಾಪೂರ್ವ ಕೇಂದ್ರಗಳ 1,540 ಪುಟಾಣಿಗಳನ್ನು ಕುರಿತದ್ದು. ಗಣಿತದ ಆಟಗಳನ್ನು ಆಡಿದ ಮಕ್ಕಳಲ್ಲಿ ಪ್ರಮಾಣ, ಆಕಾರಗಳ ಸಹಜ ಗ್ರಹಿಕೆ ಬೆಳೆಯಿತು. ಒಂದು ವರ್ಷ ದಾಟಿದ ಮೇಲೂ ಅದು ಉಳಿದಿತ್ತು. ಆದರೆ ಪ್ರಾಥಮಿಕ ಶಾಲೆ ಸೇರಿದ ಬಳಿಕ ಅಂಕಿಗಳ ಗಣಿತದಲ್ಲಿ ಈ ಮಕ್ಕಳು ಉಳಿದವರಿಗಿಂತ ಮುಂದೆ ಹೋಗಲಿಲ್ಲ.

ಅಂದರೆ ಕೈಗೆ ಬಂದ ಲೆಕ್ಕ ತಾನಾಗಿಯೇ ಕಾಗದಕ್ಕೆ ಇಳಿಯುವುದಿಲ್ಲ. ಏಕೆ? 43ರಿಂದ 17ನ್ನು ಕಳೆಯುವ ಲೆಕ್ಕವನ್ನೇ ನೋಡೋಣ. ಹತ್ತರ ನಾಲ್ಕು ಕಡ್ಡಿ ಕಟ್ಟುಗಳನ್ನೂ ಮೂರು ಬಿಡಿ ಕಡ್ಡಿಗಳನ್ನೂ ಮಗುವಿನ ಮುಂದಿಟ್ಟರೆ, ಏಳನ್ನು ತೆಗೆಯಲು ಅದು ಒಂದು ಕಟ್ಟನ್ನು ಬಿಚ್ಚುತ್ತದೆ. ಉಳಿದ 26 ಕಡ್ಡಿಗಳನ್ನು ಎಣಿಸಿ ಹೇಳುತ್ತದೆ. ಅದೇ ಮಗು ಪುಸ್ತಕದಲ್ಲಿ 34 ಎಂದು ಬರೆಯಬಹುದು. ಮೂರರಲ್ಲಿ ಏಳು ಹೋಗದು, ಹಾಗಾಗಿ ಏಳರಲ್ಲಿ ಮೂರು ಕಳೆದಿರುತ್ತದೆ. ಕಟ್ಟು ಬಿಚ್ಚಿದ್ದಕ್ಕೂ ನಾಲ್ಕನ್ನು ಹೊಡೆದು ಹಾಕಿ ಮೂರು ಬರೆಯುವುದಕ್ಕೂ ಇರುವ ಸಂಬಂಧವನ್ನು ಅದಕ್ಕೆ ಯಾರೂ ತೋರಿಸಿಲ್ಲ. ಕಟ್ಟು ಬಿಚ್ಚಿದ ಆ ಗಳಿಗೆಯಲ್ಲೇ ಸೀಸದಕಡ್ಡಿ ಹಿಡಿಸಿ, "ಈಗ ಹತ್ತರ ಕಟ್ಟು ಎಷ್ಟು ಉಳಿಯಿತು, ಬಿಡಿ ಎಷ್ಟಾಯಿತು, ಬರಿ" ಎನ್ನುವ ಶಿಕ್ಷಕರು ಬೇಕು. ಕಿಟ್ ಈ ಕೆಲಸ ಮಾಡಲಾರದು. ಇಂತಹ ಸಾಮಗ್ರಿಗಳ ಕುರಿತ 55 ಅಧ್ಯಯನಗಳನ್ನು 2013ರಲ್ಲಿ ಒಟ್ಟಿಗೆ ಪರಿಶೀಲಿಸಿದ ಸಂಶೋಧಕರು ಕಂಡದ್ದೂ ಇದಕ್ಕೆ ಹತ್ತಿರವಾದುದೇ. ಕಲಿತದ್ದು ನೆನಪಿನಲ್ಲಿ ಉಳಿಯಲು ಸಾಮಗ್ರಿಗಳು ಚೆನ್ನಾಗಿ ನೆರವಾಗುತ್ತವೆ. ಅದನ್ನು ಹೊಸ ಸಂದರ್ಭಕ್ಕೆ ಅನ್ವಯಿಸುವಲ್ಲಿ ಅವುಗಳ ಪ್ರಯೋಜನ ಸಣ್ಣದು.

ಆದ್ದರಿಂದ ನಮ್ಮ ಆಕ್ಷೇಪ ಕಿಟ್‌ನ ಮೇಲಲ್ಲ, ಕಿಟ್ ತಲುಪಿಸಿದೊಡನೆ ಕಲಿಕೆಯೂ ತಲುಪಿತು ಎಂದು ಲೆಕ್ಕ ಬರೆದುಕೊಳ್ಳುವ ಮನೋಭಾವದ ಮೇಲೆ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಮಾಹಿತಿ ತುಂಬುವ ಕೆಲಸವನ್ನೂ ಹೊತ್ತ ಶಿಕ್ಷಕಿ ಪ್ರತಿ ಮಗುವಿನ ಪಕ್ಕ ಕುಳಿತು ಕಡ್ಡಿಯಿಂದ ಅಂಕಿಗೆ ದಾಟಿಸುವುದು ಹೇಗೆ? ಪರೀಕ್ಷೆಯ ಬಗೆಗೂ ನಮ್ಮ ತಕರಾರಿದೆ. 34 ಎಂದು ಬರೆದ ಮಗು ಮತ್ತು ಏನೂ ಬರೆಯದ ಮಗು ಇಬ್ಬರಿಗೂ ಸೊನ್ನೆ ಕೊಟ್ಟು ಮುಗಿಸಿದರೆ, ಯಾರಿಗೆ ಏನು ಕಲಿಸಬೇಕೆಂಬುದು ಶಿಕ್ಷಕರಿಗೆ ತಿಳಿಯುವುದಿಲ್ಲ. ಹಾಗೆಂದು ಪರೀಕ್ಷೆಯೇ ಬೇಡವೆನ್ನುವುದು ಉಳ್ಳವರ ಮಾತು. ಬರೆಯುವ ಗಣಿತ ಬಾರದವನಿಗೆ ಪ್ರೌಢಶಾಲೆಯ ಬೀಜಗಣಿತವೂ ಇಲ್ಲ, ಡಿಪ್ಲೊಮಾವೂ ಇಲ್ಲ.

ನಮ್ಮ ಊರಿನ ಸಂತೆಗಳಲ್ಲೂ ಅಪ್ಪನ ತಳ್ಳುಗಾಡಿಯ ಪಕ್ಕ ನಿಂತು ಚಿಲ್ಲರೆ ಎಣಿಸಿ ಕೊಡುವ ಹುಡುಗರಿದ್ದಾರೆ. ಸೋಮವಾರ ತರಗತಿಯಲ್ಲಿ ಅವರಲ್ಲೊಬ್ಬನನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸುವ ಮುನ್ನ, ನಿನ್ನೆ ಎಷ್ಟು ವ್ಯಾಪಾರವಾಯಿತು ಎಂದು ಕೇಳಿ, ಅವನು ಹೇಳಿದ ಲೆಕ್ಕವನ್ನೇ ಕರಿಹಲಗೆಯ ಮೇಲೆ ಅವನಿಂದಲೇ ಬರೆಸುವುದು ಸಾಧ್ಯ. ಅದಕ್ಕೆ ಬೇಕಾದ ಸಮಯವನ್ನೂ ತರಬೇತಿಯನ್ನೂ ಶಿಕ್ಷಕರಿಗೆ ಒದಗಿಸುವುದು ಸರಕಾರದ ಹೊಣೆ. ಶಾಲೆಯ ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತ ಹೆತ್ತವರು ಕಿಟ್ ಬಂತೇ ಎಂದು ಕೇಳಿದರೆ ಸಾಲದು. ಅದರಿಂದ ತಮ್ಮ ಮಕ್ಕಳು ಏನು ಬರೆಯಲು ಕಲಿತರು ಎಂದೂ ಕೇಳಬೇಕು.