ಡಿಪ್ಪಾ, ಬೇರೆಯಾ?

ದರ್ಶಿನಿಯ ತಿಂಡಿ ಕೌಂಟರಿನ ಮುಂದೆ ನಿಂತವರಿಗೆಲ್ಲ ಈ ಪ್ರಶ್ನೆ ಗೊತ್ತು. ಟೋಕನ್ ಇಟ್ಟ ಕೂಡಲೇ ತಟ್ಟೆಗೆ ವಡೆ ಬೀಳುತ್ತದೆ, ಸಾಂಬಾರಿನ ಸೌಟು ಅದರ ಮೇಲೆ ಬಂದು ನಿಲ್ಲುತ್ತದೆ. ‘ಡಿಪ್ಪಾ ಸಾರ್, ಬೇರೆಯಾ?’ ಉತ್ತರ ಬರುವವರೆಗೆ ಸೌಟು ಬಗ್ಗುವುದಿಲ್ಲ. ಹಿಂದೆ ಹತ್ತು ಜನ ಕಾದಿದ್ದರೂ ಆ ಒಂದು ಕ್ಷಣ ನಮ್ಮದು. ಒಮ್ಮೆ ಸಾಂಬಾರಿನಲ್ಲಿ ಮುಳುಗಿದ ವಡೆಯನ್ನು ಮತ್ತೆ ಗರಿಗರಿ ಮಾಡಲು ಯಾರಿಂದಲೂ ಆಗದು ಎಂಬುದು ಬಡಿಸುವವರಿಗೆ ಗೊತ್ತಿದೆ, ಅದಕ್ಕೇ ಕೇಳುತ್ತಾರೆ. ಹೊಸ ಹೋಟೆಲಿಗೆ ಹೋದಾಗ ನಾನು ಮೊದಲು ನೋಡುವುದು ಈ ಸೌಟನ್ನು. ಕೇಳದೆ ಸುರಿದುಬಿಟ್ಟರೆ ಅಲ್ಲಿನ ಕಾಫಿಯ ಬಗ್ಗೆಯೂ ನನಗೆ ಅನುಮಾನ ಶುರುವಾಗುತ್ತದೆ.

ಈ ಅಂಕಣದಲ್ಲಿ ಬೀಜ, ಹುರಿತ, ಚಿಕೋರಿಯ ಪ್ರಮಾಣ ಎಲ್ಲವನ್ನೂ ಮಾತಾಡಿದ್ದೇವೆ. ಕಾಫಿ ಕೊಡುವವರ ಬಗ್ಗೆ ಮಾತಾಡಿದ್ದು ಕಡಿಮೆ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ತೆರೆದ ಮೇಲೆ ನಿಂತು ತಿನ್ನುವ ಪದ್ಧತಿ ಊರಿಡೀ ಹಬ್ಬಿತು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ಉಳಿದ ಖರ್ಚು ತಿಂಡಿಯ ಬೆಲೆಯಲ್ಲಿ ಇಳಿಯಿತು, ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಬಂತು. ತಟ್ಟೆ ಲೋಟವನ್ನು ನಾವೇ ಹೊತ್ತುಕೊಳ್ಳುವ ಜಾಗದಲ್ಲಿ ಉಪಚಾರ ಎಂಬುದು ಇನ್ನೆಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಅದೆಲ್ಲ ಕಾಫಿ ಕೌಂಟರಿನಲ್ಲಿ ನಿಂತ ಒಬ್ಬರ ಕೈಗೆ ಬಂದು ಸೇರಿದೆ ಎನ್ನುವುದು ನನ್ನ ಉತ್ತರ. ಇಡೀ ಹೋಟೆಲಿನ ಮರ್ಯಾದೆ ಆ ಕೈಯಲ್ಲಿದೆ.

ಬೆಳಿಗ್ಗೆ ಏಳೂವರೆಯ ನೂಕುನುಗ್ಗಲಿನಲ್ಲಿ ಆ ಕೈಯನ್ನು ಗಮನಿಸಿ. ಸ್ಟೀಲ್ ಲೋಟಗಳ ಸಾಲು, ಪ್ರತಿಯೊಂದರಲ್ಲೂ ಸಕ್ಕರೆ. ಡಿಕಾಕ್ಷನ್ ಸಾಲಿನುದ್ದಕ್ಕೂ ಒಂದೇ ಅಳತೆಯಲ್ಲಿ ಬೀಳುತ್ತಾ ಹೋಗುತ್ತದೆ. ಅಷ್ಟರಲ್ಲಿ ಯಾರೋ ‘ಭಟ್ರೇ, ನಂದು ಸ್ಟ್ರಾಂಗು’ ಎನ್ನುತ್ತಾರೆ, ಮೂರನೇ ಲೋಟಕ್ಕೆ ಇನ್ನೊಂದು ಗುಟುಕು ಬೀಳುತ್ತದೆ. ‘ಸಕ್ಕರೆ ಬೇಡ’ ಎಂದವರ ಲೋಟ ಸಾಲಿನಿಂದ ಪಕ್ಕಕ್ಕೆ ಸರಿಯುತ್ತದೆ. ಆಮೇಲೆ ಕುದಿಯುವ ಹಾಲು ಎತ್ತರದಿಂದ ಇಳಿಯುತ್ತದೆ, ನೊರೆ ಅಂಚಿಗೆ ಬಂದು ನಿಲ್ಲುತ್ತದೆ. ಬೈ ಟು ಕೇಳಿದವರಿಗೆ ಎರಡು ಲೋಟದಲ್ಲೂ ಸಮನಾಗಿ ಬಂದಿದೆಯೇ ಎಂದು ಒಮ್ಮೆ ಬಗ್ಗಿ ನೋಡುವ ಭಟ್ಟರನ್ನು ನಾನು ಬಲ್ಲೆ. ಒಂದು ಕಾಫಿಯ ದುಡ್ಡಿಗೆ ಎರಡು ಲೋಟ ತೊಳೆಯಬೇಕಾದ ವ್ಯಾಪಾರ ಅದು. ಆದರೂ ಮುಖ ಗಂಟಿಕ್ಕದೆ ಕೊಡುತ್ತಾರೆ. ಇಬ್ಬರು ಗೆಳೆಯರ ನಡುವಿನ ಮಾತಿಗೆ ಜಾಗ ಮಾಡಿಕೊಡುವ ಈ ಬೈ ಟು ಬೆಂಗಳೂರಿನ ಹೋಟೆಲುಗಳ ದೊಡ್ಡ ಗುಣ.

ಇಂಥ ಕೈ ತರಬೇತಿಯ ಪುಸ್ತಕದಿಂದ ಬರುವುದಿಲ್ಲ. ಅದೇ ಮನುಷ್ಯ ಅದೇ ಜಾಗದಲ್ಲಿ ವರ್ಷಗಟ್ಟಲೆ ನಿಂತಿರಬೇಕು. ಆಗ ಗಿರಾಕಿ ಟೋಕನ್ ಇಡುವ ಮೊದಲೇ ಅವನ ಕಾಫಿ ಯಾವುದೆಂದು ಗೊತ್ತಿರುತ್ತದೆ. ನಮ್ಮ ಬಡಾವಣೆಯ ಒಂದು ಹೋಟೆಲಿನಲ್ಲಿ ಹಳೆಯ ಭಟ್ಟರು ಊರಿಗೆ ಹೊರಟುಹೋದ ಮೇಲೆ ಕೌಂಟರಿನಲ್ಲಿ ಹದಿನೈದು ದಿನಕ್ಕೊಂದು ಹೊಸ ಮುಖ. ಬೆಳಿಗ್ಗೆ ಇಳಿಸಿದ ಡಿಕಾಕ್ಷನ್ನೇ ಸಂಜೆಗೂ. ಕಾಫಿ ಕಮಟು ಹೊಡೆಯುತ್ತಿದೆ ಎಂದು ಲೋಟ ಹಿಂದಕ್ಕೆ ಕೊಟ್ಟರೆ ‘ಎಲ್ಲರೂ ಇದನ್ನೇ ಕುಡೀತಿದಾರೆ ಸಾರ್’ ಎಂಬ ಉತ್ತರ ಬಂತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹೊಸ ಡಿಕಾಕ್ಷನ್ ಇಳಿಸುವ ಅಧಿಕಾರ ಅವನಿಗೆ ಇರಲಿಲ್ಲ. ಒಂದು ಲೋಟ ಚೆಲ್ಲಿ ಇನ್ನೊಂದು ಮಾಡಿಕೊಡಲು ಗಲ್ಲಾದ ಕಡೆ ನೋಡಬೇಕಾದ ಸ್ಥಿತಿ. ಕೌಂಟರಿನವರಿಗೆ ಇಷ್ಟು ಸ್ವಾತಂತ್ರ್ಯ ಕೊಡದ ಮಾಲೀಕರು ಗೋಡೆಗೆ ಎಷ್ಟು ಗ್ರಾನೈಟ್ ಹಾಕಿಸಿದರೂ ವ್ಯರ್ಥ.

ನಮ್ಮ ಹಳೆಯ ಹೋಟೆಲುಗಳು ಉಪಚಾರದ ಮಹತ್ವವನ್ನು ಬಹಳ ಹಿಂದೆಯೇ ಅರಿತಿದ್ದವು. 1924ರಲ್ಲಿ ಶುರುವಾದ ಎಂಟಿಆರ್‌ನ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಸುತ್ತಿ ಬಂದು, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ತಮ್ಮ ಅಡುಗೆಮನೆಗೆ ತಂದರು. ಗಿರಾಕಿ ಬಾಯಿಬಿಟ್ಟು ಕೇಳದ, ಆದರೆ ಸದಾ ಬಯಸುವ ಉಪಚಾರ ಅದು. ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್‌ನಲ್ಲಿ ಸಾಂಬಾರೇ ಇಲ್ಲ, ಡಿಪ್ಪಾ ಎಂಬ ಪ್ರಶ್ನೆಯೂ ಇಲ್ಲ. ಅದಕ್ಕೆ ಬದಲಾಗಿ ಚಟ್ನಿ ಹಾಕಲೆಂದೇ ಒಬ್ಬರು ನಿಂತಿರುತ್ತಾರೆ. ತಟ್ಟೆ ಹಿಡಿದು ಹೋದಷ್ಟು ಸಲ ಧಾರಾಳವಾಗಿ ಸುರಿಯುತ್ತಾರೆ, ‘ಈಗಷ್ಟೇ ಹಾಕಿದ್ನಲ್ಲ’ ಎಂಬ ನೋಟವಿಲ್ಲ. ನಾಲ್ಕೈದು ತಿಂಡಿ, ಕಾಫಿ, ಟೀ ಬಿಟ್ಟು ಬೇರೇನೂ ಮಾಡದೆ, ಮಾಡಿದ್ದರಲ್ಲಿ ಜಿಪುಣತನ ತೋರದ ಈ ರೀತಿ ನನಗೆ ಎಲ್ಲಕ್ಕಿಂತ ಇಷ್ಟ.

ಇಂಡಿಯಾ ಕಾಫಿ ಹೌಸಿನ ಕಥೆ ಇನ್ನೂ ದೊಡ್ಡದು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸ ಕಳೆದುಕೊಂಡ ನೌಕರರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಸಂಘಗಳಲ್ಲಿ ಮೊದಲನೆಯದು ಹುಟ್ಟಿದ್ದು ಇದೇ ಬೆಂಗಳೂರಿನಲ್ಲಿ, 1957ರಲ್ಲಿ. ಬಿಳಿ ಸಮವಸ್ತ್ರ, ಪೇಟ ಧರಿಸಿ ಕಾಫಿ ತಂದಿಡುವವರೇ ಅಲ್ಲಿ ಒಡೆತನದ ಪಾಲುದಾರರು. ಎಂ.ಜಿ. ರಸ್ತೆಯ ಕಾಫಿ ಹೌಸ್ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದಾಗ ಗಿರಾಕಿಗಳೂ ಹಿಂದೆಯೇ ಬಂದರು. ಒಂದು ಕಾಫಿ ಹೇಳಿ ಗಂಟೆಗಟ್ಟಲೆ ಕೂತವರನ್ನು ಏಳಿಸದ ಆ ಸಾವಧಾನಕ್ಕೆ, ಕೆಲಸ ತಮ್ಮದೆಂಬ ಭಾವವೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಹೊಸ ಕೆಫೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದ ಮೇಲೆ ಹುಡುಗ ಹುಡುಗಿಯರಿಗೆ ನಿರಾತಂಕವಾಗಿ ಕೂತು ಮಾತಾಡುವ ಜಾಗ ಸಿಕ್ಕಿತು. ಅಲ್ಲಿ ಕಾಫಿ ಜೊತೆ ಡೋನಟ್ ತಿನ್ನುವವರು ಒಂದು ವಿಷಯ ತಿಳಿದಿರಲಿ: ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದು ಸಂಕೋಚವಿಲ್ಲದೆ ಹೇಳಬಹುದು.

ದರ್ಶಿನಿಯಲ್ಲಿ ನನಗಿರುವ ಒಂದೇ ನಿಜವಾದ ಕೊರತೆ ಕುರ್ಚಿಯದು. ಮಂಡಿನೋವಿನ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಿಸಿ ಲೋಟ ಹಿಡಿದು ಮೇಜು ಹುಡುಕುವುದನ್ನು ನೋಡಲಾಗದು. ಮಾಲೀಕರೇ, ಬಾಗಿಲ ಪಕ್ಕ ನಾಲ್ಕು ಸ್ಟೂಲು ಹಾಕಿಸಿ. ಕೈ ಪಳಗಿದ ಕಾಫಿ ಭಟ್ಟರಿಗೆ ಊರಿಗೆ ಹೋಗುವ ಮನಸ್ಸು ಬಾರದಷ್ಟು ಸಂಬಳ ಕೊಡಿ.

ಓದುಗರಿಗೂ ಒಂದು ಮಾತು. ಕಾಫಿ ಸರಿಯಿಲ್ಲದಿದ್ದರೆ ಫೋನು ತೆಗೆದು ನಕ್ಷತ್ರ ಕಡಿಮೆ ಕೊಟ್ಟು ಹೊರಡಬೇಡಿ. ಮೊದಲ ಗುಟುಕಿನಲ್ಲೇ ಕೌಂಟರಿಗೆ ಹಿಂತಿರುಗಿ ‘ಭಟ್ರೇ, ಸ್ವಲ್ಪ ಡಿಕಾಕ್ಷನ್ ಹಾಕಿ’ ಎನ್ನಿ. ಚೆನ್ನಾಗಿದ್ದ ದಿನವೂ ಲೋಟವನ್ನು ತೊಟ್ಟಿಗೆ ಹಾಕುವ ಮೊದಲು ಅದನ್ನು ಅವರಿಗೆ ಕೇಳುವಂತೆ ಹೇಳಿ.