ಹರಕೆ ಹೊತ್ತವರು, ತೆತ್ತವರು

ಬೈಬಲಿನ ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಮಕ್ಕಳಿಲ್ಲದ ಅಬ್ರಾಮನಿಗೆ ದೇವರು ನಕ್ಷತ್ರಗಳಷ್ಟು ಸಂತಾನದ ಮಾತು ಕೊಡುತ್ತಾನೆ. ಆಮೇಲೆ, ಸೀಳಿಟ್ಟ ಪ್ರಾಣಿಗಳ ನಡುವೆ ಉರಿಯುವ ಪಂಜಾಗಿ ತಾನೇ ಹಾದುಹೋಗುತ್ತಾನೆ. ಹಾಗೆ ಹಾದವರು ಮಾತು ತಪ್ಪಿದರೆ ತಮಗೂ ಅದೇ ಗತಿ ಎಂಬುದು ಅಂದಿನ ಆಣೆ. ಅಬ್ರಾಮ ಆ ಹೊತ್ತಿಗೆ ಗಾಢ ನಿದ್ದೆಯಲ್ಲಿದ್ದ. ಒಡಂಬಡಿಕೆಯ ಕಥೆಗಳಲ್ಲಿ ನನಗೆ ಇದೇ ಹಿರಿದು. ಬಲವುಳ್ಳವನೇ ಇಲ್ಲಿ ಹೊಣೆ ಹೊರುತ್ತಾನೆ.

ಅದೇ ಗ್ರಂಥದ ನ್ಯಾಯಸ್ಥಾಪಕರು ಭಾಗದ 11ನೆಯ ಅಧ್ಯಾಯದಲ್ಲಿ ಲೆಕ್ಕ ತಿರುಗಿಬೀಳುತ್ತದೆ. ಅಮ್ಮೋನಿಯರನ್ನು ಗೆಲ್ಲಿಸಿದರೆ ಮನೆ ಬಾಗಿಲಿಂದ ಎದುರು ಬಂದದ್ದನ್ನು ಹೋಮ ಮಾಡುವೆನೆಂದು ಇಸ್ರಾಯೇಲರ ದಂಡನಾಯಕ ಯೆಫ್ತಾಹ ಹರಕೆ ಹೊರುತ್ತಾನೆ. ದಮ್ಮಡಿ ಬಡಿಯುತ್ತ ಕುಣಿದು ಬಂದವಳು ಅವನ ಒಬ್ಬಳೇ ಮಗಳು. ನನ್ನನ್ನು ಸಂಕಟಕ್ಕೆ ತಳ್ಳಿದೆಯಲ್ಲ ಎಂದು ಅವಳನ್ನೇ ದೂರುತ್ತಾನೆ, ಪುಣ್ಯಾತ್ಮ! ಎರಡು ತಿಂಗಳು ಬೆಟ್ಟದಲ್ಲಿ ಗೆಳತಿಯರೊಡನೆ ಅತ್ತು ಬಂದ ಆ ಹುಡುಗಿಗೆ ಕಥೆಗಾರ ಒಂದು ಹೆಸರನ್ನೂ ಕೊಟ್ಟಿಲ್ಲ.

ಅಥಣಿ ತಾಲ್ಲೂಕಿನವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಕೊಕಟನೂರ ಯಲ್ಲಮ್ಮನ ಜಾತ್ರೆಯಲ್ಲಿ ಉಧೋ ಉಧೋ ಎನ್ನುತ್ತ ದೀಡ ನಮಸ್ಕಾರ ಹಾಕುವವರು ತಮ್ಮ ಹರಕೆಯನ್ನು ತಮ್ಮ ಮೈಯಿಂದಲೇ ತೀರಿಸುತ್ತಾರೆ. ನೈವೇದ್ಯ ಕೊಡುವವರೂ ತಮ್ಮ ಒಲೆಯದನ್ನೇ ಕೊಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಸೀಮೆಯಲ್ಲಿ ಮನೆಯವರ ಕಾಯಿಲೆಗೆ, ಗಂಡುಮಗು ಇಲ್ಲದ್ದಕ್ಕೆ, ಬಾಲೆಯ ತಲೆಯಲ್ಲಿ ಜಡೆಗಟ್ಟಿದ್ದಕ್ಕೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರಾಗಿ ಬಿಟ್ಟ ಹರಕೆಗಳೂ ಇದ್ದವು. ಹೊತ್ತವರು ಹಿರಿಯರು. ಬಾಳೆಲ್ಲ ತೆತ್ತವಳು, ಹೆಚ್ಚಾಗಿ ದಲಿತ ಮನೆಯ, ಏನೂ ಅರಿಯದ ಹುಡುಗಿ.

ಯೆಫ್ತಾಹನಿಗೆ ಬೇರೆ ದಾರಿ ಇರಲಿಲ್ಲವೆ? ಇತ್ತು. ಯಾಜಕಕಾಂಡದ 27ನೆಯ ಅಧ್ಯಾಯ ಹರಕೆಗೆ ಒಪ್ಪಿಸಿದ ಮನುಷ್ಯರನ್ನು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಲು ಬಿಡುತ್ತದೆ. ಐದರಿಂದ ಇಪ್ಪತ್ತು ವರ್ಷದ ಹುಡುಗನಿಗೆ 20 ಶೆಕೆಲ್, ಹುಡುಗಿಗೆ 10. (ಅಲ್ಲಿಯೂ ಹೆಣ್ಣಿಗೆ ಅರ್ಧ ಬೆಲೆ.) ಯೆಹೂದಿ ಪಂಡಿತರು ಇದನ್ನೇ ಹಿಡಿದು, ಹರಕೆ ಬಿಡಿಸಬಲ್ಲ ಯಾಜಕನೂ ಯೆಫ್ತಾಹನೂ ಒಬ್ಬರ ಬಳಿ ಒಬ್ಬರು ಹೋಗಲು ಬಿಗುಮಾನಪಟ್ಟಿದ್ದರಿಂದ ಹುಡುಗಿ ಸತ್ತಳು ಎಂದು ಇಬ್ಬರನ್ನೂ ಜರೆದರು. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ದೇವರ ಹೆಸರಲ್ಲಿ ಹೆಣ್ಣನ್ನು ಸೂಳೆಗಾರಿಕೆಗೆ ಬಿಡಬಾರದು, ಆ ಗಳಿಕೆಯನ್ನು ಹರಕೆಗೆಂದು ಗುಡಿಗೆ ತರಲೂಬಾರದು ಎನ್ನುತ್ತದೆ.

ಹೀಗೆ ತನ್ನೊಳಗೇ ತಿದ್ದಿಕೊಳ್ಳಬಲ್ಲ ಗ್ರಂಥ ಕೊನೆಗೆ ಎಡವುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೆಯ ಅಧ್ಯಾಯ ನಂಬಿಕೆಯ ವೀರರ ಸಾಲಿನಲ್ಲಿ ಯೆಫ್ತಾಹನನ್ನು ನಿಲ್ಲಿಸುತ್ತದೆ. ಮಗಳ ಮಾತೇ ಇಲ್ಲ. ದೇವರ ವಾಗ್ದಾನಗಳ ಮೇಲೆ ಪ್ರಸಂಗ ಮಾಡುವವರೂ ಅವಳ ಪುಟವನ್ನು ಸರಸರನೆ ಮಗುಚಿಬಿಡುತ್ತಾರೆ.

ಈ ವಿಷಯದಲ್ಲಿ ಕರ್ನಾಟಕದ 1982ರ ದೇವದಾಸಿ ನಿಷೇಧ ಕಾಯ್ದೆಯ ನೋಟ ಆ ಪತ್ರಿಕೆಗಿಂತ ಚುರುಕಾಗಿತ್ತು. ಮುತ್ತು ಕಟ್ಟಿಸಿದವರಿಗೆ 3 ವರ್ಷದವರೆಗೆ ಸಜೆ ಎಂದ ಅದು, ಕಟ್ಟಿಸಿದವರು ಹೆತ್ತವರೇ ಆದರೆ 2 ವರ್ಷಕ್ಕೆ ಕಡಿಮೆ ಇಲ್ಲದಂತೆ 5 ವರ್ಷದವರೆಗೆ ಎಂದು ವಿಧಿಸಿತು.