ಪ್ರಶಸ್ತಿಯ ಅರ್ಜಿಯಲ್ಲಿ ಪುರಾವೆ ಎಲ್ಲಿ?

1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕರ ಪ್ರಶಸ್ತಿಯ ನಿಯಮಗಳು 2018ರಲ್ಲಿ ಬದಲಾದವು. ಶಿಕ್ಷಕರು ತಾವೇ ಅರ್ಜಿ ಸಲ್ಲಿಸುವ ಪದ್ಧತಿ ಬಂತು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂಬ ಮೂರು ಹಂತಗಳಲ್ಲಿ ಪರಿಶೀಲನೆ ನಡೆಯುತ್ತದೆ. ಅರ್ಜಿಯೊಂದಿಗೆ ಚಟುವಟಿಕೆಗಳ ವರದಿ, ಛಾಯಾಚಿತ್ರ, ವಿಡಿಯೋಗಳನ್ನೂ ಒದಗಿಸಬೇಕು. ಅರ್ಜಿ ಹಾಕಲು ಯಾರ ಶಿಫಾರಸಿಗೂ ಕಾಯಬೇಕಿಲ್ಲ ಎಂಬುದು ಸ್ವಾಗತಾರ್ಹ. ಆದರೆ ತಮ್ಮ ಕೆಲಸವನ್ನು ತಾವೇ ಹೇಳಿಕೊಳ್ಳಲು ಸಂಕೋಚಪಡುವ ಉತ್ತಮ ಶಿಕ್ಷಕರು ಹಿಂದುಳಿಯುವ ಅಪಾಯವೂ ಇದರಲ್ಲಿದೆ.

ಇಂಥ ಅರ್ಜಿಗಳ ದೊಡ್ಡ ದೋಷವೆಂದರೆ, ಚಟುವಟಿಕೆಯನ್ನೇ ಕಲಿಕೆ ಎಂದು ಭಾವಿಸುವುದು. ಗ್ರಹಣ ವೀಕ್ಷಣೆಯ ಚಿತ್ರದಲ್ಲಿ ಕನ್ನಡಕ ಧರಿಸಿದ ಮಕ್ಕಳು ಕಾಣುತ್ತಾರೆ. ಪ್ರತಿ ಅಮಾವಾಸ್ಯೆಗೂ ಸೂರ್ಯಗ್ರಹಣ ಏಕೆ ಆಗುವುದಿಲ್ಲ ಎಂಬುದು ಅವರಿಗೆ ತಿಳಿಯಿತೇ? ಅದು ಚಿತ್ರದಲ್ಲಿ ಕಾಣುವುದಿಲ್ಲ. ಸನ್ಮಾನ ಪತ್ರಗಳೂ ಅದನ್ನು ಹೇಳಲಾರವು.

ಹಾಗಾದರೆ ನೀವು ಏನು ಬರೆಯಬೇಕು? ಒಂದು ಪರಿಕಲ್ಪನೆಯನ್ನು ಆರಿಸಿಕೊಳ್ಳಿ. ಬಲ್ಬು ವಿದ್ಯುತ್ ಪ್ರವಾಹವನ್ನು ‘ತಿಂದುಬಿಡುತ್ತದೆ’ ಎಂದು ಅನೇಕ ಮಕ್ಕಳು ನಂಬಿರುತ್ತಾರೆ. ಬಲ್ಬಿನ ಎರಡೂ ಬದಿಗೆ ಅಮ್ಮೀಟರ್ ಜೋಡಿಸುವ ಮೊದಲು, ಅವು ಏನು ತೋರಿಸಬಹುದೆಂದು ಮಕ್ಕಳಿಂದ ಬರೆಸಿ. ಅಳತೆ ಮಾಡಿ, ಚರ್ಚಿಸಿ. ಕೆಲವು ವಾರಗಳ ನಂತರ ಅದೇ ಪರಿಕಲ್ಪನೆಯನ್ನು ಬೇರೆ ಪ್ರಶ್ನೆಯಿಂದ ಪರೀಕ್ಷಿಸಿ. ಈ ಎರಡು ಉತ್ತರಗಳ ನಡುವಿನ ವ್ಯತ್ಯಾಸವೇ ನಿಮ್ಮ ಪುರಾವೆ.

ಇದನ್ನು ಅಂಕಿಗಳಲ್ಲೂ ಹೇಳಬಹುದು. ತರಗತಿಯ ಸರಾಸರಿ ಶೇ. 40ರಿಂದ 70ಕ್ಕೆ ಏರಿದರೆ, ಸಾಧ್ಯವಿದ್ದ 60ರಲ್ಲಿ 30 ಗಳಿಸಿದಂತೆ, ಗಳಿಕೆ 0.5. ಇನ್ನೊಂದು ತರಗತಿ 80ರಿಂದ 90ಕ್ಕೆ ಏರಿದರೂ ಗಳಿಕೆ 0.5. ಅಂತಿಮ ಅಂಕವನ್ನಷ್ಟೇ ನೋಡುವವರಿಗೆ ಮೊದಲ ಶಿಕ್ಷಕರ ಶ್ರಮ ಕಾಣುವುದೇ ಇಲ್ಲ. ರಿಚರ್ಡ್ ಹೇಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ಸಾವಿರಕ್ಕೂ ಹೆಚ್ಚು ಭೌತಶಾಸ್ತ್ರ ವಿದ್ಯಾರ್ಥಿಗಳನ್ನು ಹೀಗೆಯೇ ಅಳೆದರು. ಕೇವಲ ಉಪನ್ಯಾಸ ಕೇಳಿದ ತರಗತಿಗಳ ಸರಾಸರಿ ಗಳಿಕೆ 0.23, ವಿದ್ಯಾರ್ಥಿಗಳೇ ತೊಡಗಿಕೊಂಡ ತರಗತಿಗಳದ್ದು 0.48.

ಫಲಿಸದ ಪ್ರಯತ್ನವನ್ನೂ ಬರೆಯಿರಿ. ಏನನ್ನು ಬದಲಿಸಿದಿರಿ ಎಂಬುದನ್ನೂ ತಿಳಿಸಿ. ಎಲ್ಲವೂ ಯಶಸ್ವಿಯಾಯಿತು ಎನ್ನುವ ಪ್ರಯೋಗ ವರದಿಯನ್ನು ನಾವು ವಿದ್ಯಾರ್ಥಿಯಿಂದಲೂ ನಂಬುವುದಿಲ್ಲವಲ್ಲ!

ಆಯ್ಕೆ ಸಮಿತಿಗಳಿಗೂ ಒಂದು ಮಾತು. ಛಾಯಾಚಿತ್ರಗಳನ್ನು ಎಣಿಸುವವರೆಗೆ ಛಾಯಾಚಿತ್ರಗಳೇ ಬರುತ್ತವೆ. ಮಕ್ಕಳ ನೋಟ್ ಪುಸ್ತಕ ಕೇಳಿ ನೋಡಿ. ಪ್ರಶಸ್ತಿ ಬರದಿದ್ದರೂ ಅಂಥ ದಾಖಲೆ ಇಟ್ಟ ಶಿಕ್ಷಕರಿಗೆ ಮುಂದಿನ ವರ್ಷದ ಪಾಠಕ್ಕೆ ಅದೇ ಆಧಾರವಾಗುತ್ತದೆ.